ಬ್ರೇಕ್ ಸಡಿಲವೆಂದು ಬರೆಯಲಾಗದ ಚಾಲಕ

(ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಲಾಗಿದೆ.)

ಸಂಡೂರು ಭಾಗದ ಕಬ್ಬಿಣದ ಅದಿರಿನ ಗಣಿಯೊಂದರಲ್ಲಿ ಗುತ್ತಿಗೆದಾರರ ಕೈಕೆಳಗೆ ಟಿಪ್ಪರ್ ಓಡಿಸುವ, ನಲವತ್ತರ ಆಸುಪಾಸಿನ ವ್ಯಕ್ತಿಯನ್ನು ಅವರ ಪತ್ನಿಯೇ ಒತ್ತಾಯಿಸಿ ಆಪ್ತಸಮಾಲೋಚನೆಗೆಂದು ನನ್ನ ಬಳಿ ಕರೆತಂದಿದ್ದರು. ನಿದ್ದೆ ಮಾಡುವುದಿಲ್ಲ, ಮಕ್ಕಳ ಮೇಲೆ ರೇಗುತ್ತಾರೆ ಎಂಬುದು ಆಕೆಯ ದೂರು. ಮೂಲ ವಿಷಯ ಹೊರಬಂದದ್ದು ಪತಿ ಒಬ್ಬರೇ ಬಂದ ಮುಂದಿನ ಭೇಟಿಯಲ್ಲಿ. ರಾತ್ರಿ ಪಾಳಿಯ ಕೊನೆಗೆ, ಅದಿರು ತುಂಬಿದ ಗಾಡಿ ಇಳಿಜಾರಿನಲ್ಲಿ ಇಳಿಯುವಾಗ ಬ್ರೇಕ್ ಹಿಡಿಯದೆ, ಪೆಡಲನ್ನು ಮತ್ತೆ ಮತ್ತೆ ತುಳಿದು, ಗೇರ್ ಇಳಿಸಿ, ಕೊನೆಗೆ ರಸ್ತೆಯಂಚಿನ ಮಣ್ಣಿನ ದಿಬ್ಬಕ್ಕೆ ಒರಗಿಸಿ ನಿಲ್ಲಿಸಿದ್ದರು. ಕೆಳಗಿನ ಬೆಂಚಿನಲ್ಲಿ, ಅಂದರೆ ಗಣಿಯನ್ನು ಮೆಟ್ಟಿಲಿನಂತೆ ಕಡಿದ ಹಂತದಲ್ಲಿ, ಡ್ರಿಲ್ಲಿಂಗ್ ತಂಡ ಕೆಲಸ ಮಾಡುತ್ತಿತ್ತು. ಯಾರಿಗೂ ಪೆಟ್ಟಾಗಲಿಲ್ಲವಾದ್ದರಿಂದ ಯಾರಿಗೂ ಹೇಳಲಿಲ್ಲ. ಬ್ರೇಕ್ ಸಡಿಲವಾಗಿದ್ದದ್ದು ಅದಕ್ಕೂ ಮೊದಲೇ ಅವರಿಗೆ ಗೊತ್ತಿತ್ತು.

“ಬ್ರೇಕ್ ಸರಿ ಇಲ್ಲ ಅಂತ ಬರದ್ರೆ ಗಾಡಿ ನಿಲ್ತೈತ್ರಿ ಮೇಡಂ. ಗಾಡಿ ನಿಂತ್ರೆ ಟ್ರಿಪ್ಪೂ ಇಲ್ಲ, ಕೂಲೀನೂ ಇಲ್ಲ.”

ಇದನ್ನು ನಿರ್ಲಕ್ಷ್ಯ ಎಂದು ಬರೆದು ಕಡತ ಮುಚ್ಚುವುದು ಸುಲಭ. ಆದರೆ ಈ ಮೌನದ ಹಿಂದೆ ಹಳೆಯ ಭಯವಿದೆ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿದಾಗ ಇವರ ಅಣ್ಣ ಕಂತು ಕಟ್ಟಲಾಗದೆ ಲಾರಿ ಕಳೆದುಕೊಂಡಿದ್ದರು. ಇವರೂ ಕೆಲಸವಿಲ್ಲದೆ ಊರು ಬಿಟ್ಟಿದ್ದರು. ‘ಕೆಲಸ ನಿಂತಿತು’ ಎಂಬ ಮಾತಿನ ಭಯ ಆ ಮನೆಯಲ್ಲಿ ಇನ್ನೂ ಆರಿಲ್ಲ. ಜೊತೆಗೆ ಸಹಚಾಲಕರ ಗೇಲಿ: ಒಮ್ಮೆ ಟೈರಿನ ಬಗ್ಗೆ ಮೇಸ್ತ್ರಿಗೆ ಹೇಳಿದ್ದಕ್ಕೆ ಇವರಿಗೆ ‘ಪುಕ್ಕಲ’ ಎಂಬ ಹೆಸರು ಬಿದ್ದಿತ್ತು. ಹೀಗೆ ಅಪಾಯದ ಅರಿವಿದ್ದೂ ಬಾಯಿ ಕಟ್ಟಿಹೋಗುತ್ತದೆ, ಮತ್ತು ಪ್ರತಿ ಸಲ ಏನೂ ಆಗದೆ ಪಾರಾದಾಗ ‘ಇಷ್ಟರಲ್ಲೇ ಓಡಿಸಬಹುದು’ ಎಂಬ ಲೆಕ್ಕ ಮನಸ್ಸಿನಲ್ಲಿ ಗಟ್ಟಿಯಾಗುತ್ತದೆ. ಹೆಲ್ಮೆಟ್ಟು, ಬೂಟುಗಳ ತರಬೇತಿ ಈ ಲೆಕ್ಕವನ್ನು ಮುಟ್ಟುವುದೇ ಇಲ್ಲ ಎಂಬುದು ನನ್ನ ಅಭಿಪ್ರಾಯ.

‘ಧೈರ್ಯವಾಗಿ ದೂರು ಕೊಡಿ’ ಎಂದು ನಾನು ಹೇಳಲಿಲ್ಲ. ಗುತ್ತಿಗೆ ಕಾರ್ಮಿಕನಿಗೆ ಆ ಧೈರ್ಯದ ಬೆಲೆ ಎಷ್ಟೆಂದು ಕಚೇರಿಯಲ್ಲಿ ಕುಳಿತವರು ಅಂದಾಜಿಸಲಾಗದು. ಬ್ರೇಕ್ ರಿಪೇರಿಯಾಗುವವರೆಗೆ ಆ ಗಾಡಿ ಹತ್ತಕೂಡದು ಎಂಬುದರಲ್ಲಿ ಮಾತ್ರ ರಾಜಿಯಿಲ್ಲವೆಂದು ಸ್ಪಷ್ಟಪಡಿಸಿದೆ. ಒಬ್ಬರೇ ಹೇಳುವ ಬದಲು, ಅದೇ ಗಾಡಿಯನ್ನು ಬೇರೆ ಪಾಳಿಯಲ್ಲಿ ಓಡಿಸುವ ಚಾಲಕನನ್ನು ಜೊತೆಗೆ ಕರೆದುಕೊಂಡು ಹೋಗಿ ಮೇಸ್ತ್ರಿಗೆ ತಿಳಿಸಲು, ಪಾಳಿ ಆರಂಭದ ತಪಾಸಣೆ ಹಾಳೆಯಲ್ಲಿ ‘ಪೆಡಲ್ ಆಳಕ್ಕೆ ಹೋಗುತ್ತಿದೆ’ ಎಂಬಂತೆ ಕಂಡದ್ದನ್ನಷ್ಟೇ ಬರೆಯಲು, ಅದರ ಫೋಟೊ ಇಟ್ಟುಕೊಳ್ಳಲು ಸೂಚಿಸಿದೆ. ಆ ವಾಕ್ಯಗಳನ್ನು ನನ್ನೆದುರೇ ಹಲವು ಬಾರಿ ಹೇಳಿಸಿದೆ; ಮೊದಲ ಬಾರಿ ಅವರ ದನಿ ಅರ್ಧದಲ್ಲೇ ನಿಂತಿತ್ತು. ಅಲ್ಲೂ ಕೆಲಸವಾಗದಿದ್ದರೆ ಗಣಿಯ ಸುರಕ್ಷತಾ ಸಮಿತಿಯಲ್ಲಿರುವ ಕಾರ್ಮಿಕ ಪ್ರತಿನಿಧಿ, ಅನಂತರ ಕೇಂದ್ರ ಸರ್ಕಾರದ ಗಣಿ ಸುರಕ್ಷತಾ ಮಹಾನಿರ್ದೇಶನಾಲಯ.

ರಾತ್ರಿ ಪಾಳಿ ಮುಗಿದ ಮೇಲೆ ಕೋಣೆ ಕತ್ತಲು ಮಾಡಿ ಮಲಗುವುದು, ನಿದ್ದೆಗೆಂದು ಕುಡಿಯುತ್ತಿದ್ದುದನ್ನು ನಿಲ್ಲಿಸುವುದು, ಮನಸ್ಸು ತೀರಾ ಕದಡಿದಾಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡುವುದು ಉಳಿದ ಸಲಹೆಗಳು. ಪತ್ನಿಗೂ ಒಂದು ಮಾತು: ‘ಇವತ್ತೆಷ್ಟು ಟ್ರಿಪ್?’ ಎಂಬುದು ಮನೆಯ ಮೊದಲ ಪ್ರಶ್ನೆಯಾಗದಿರಲಿ.

ಮುಂದಿನ ಭೇಟಿಯ ಹೊತ್ತಿಗೆ ಬ್ರೇಕ್ ರಿಪೇರಿಯಾಗಿತ್ತು, ನಿದ್ದೆ ತುಸು ಸುಧಾರಿಸಿತ್ತು. ಗಾಡಿ ನಿಂತ ದಿನಗಳ ಕೂಲಿ ಸಿಕ್ಕಿರಲಿಲ್ಲ. ರಿಪೇರಿಯ ದಿನಕ್ಕೂ ಕನಿಷ್ಠ ಕೂಲಿ ಕೊಡಬೇಕೆಂಬ ಬೇಡಿಕೆಯನ್ನು ಇಬ್ಬರು ಚಾಲಕರೂ ಸೇರಿ ಸಮಿತಿಯ ಪ್ರತಿನಿಧಿಗೆ ಬರೆದುಕೊಟ್ಟಿದ್ದಾರೆ.