ಸುದ್ದಿ ಅಂದರೆ ಸಾವಿನ ಸುದ್ದಿ ಮಾತ್ರವೇ?

ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ 1976ರಲ್ಲಿ ಬಿ.ಎಸ್ಸಿ. ಮುಗಿಸಿದ ಓದುಗರೊಬ್ಬರು ಬರೆದಿದ್ದಾರೆ: 'ನಮ್ಮ ಬ್ಯಾಚಿನ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಈಗ ಬರೋದು ಶುಭೋದಯದ ಚಿತ್ರ, ಇಲ್ಲವೇ ಯಾರೋ ತೀರಿಕೊಂಡ ಸುದ್ದಿ. ಐವತ್ತು ವರ್ಷವಾಯಿತು, ಸೇರೋಣ ಅಂತ ಕೆಲವರು ಹೇಳುತ್ತಾರೆ. ಅರ್ಧ ಜನ ಬರಲಾರರು. ಸೇರಿ ಮಾಡೋದೇನು?'

ಸರ್, ಸೇರಿ. ಇಪ್ಪತ್ತೇ ಜನ ಬಂದರೂ ಸೇರಿ. ಎಪ್ಪತ್ತು ದಾಟಿದವರು 'ಮುಂದಿನ ವರ್ಷ ನೋಡೋಣ' ಅನ್ನಬಾರದು.

ಜಾಗ ಮಾತ್ರ ಧಾರವಾಡವೇ ಆಗಲಿ, ಬೆಂಗಳೂರಿನ ರೆಸಾರ್ಟ್ ಬೇಡ. 1917ರಲ್ಲಿ ಶುರುವಾದ ನಿಮ್ಮ ಕಾಲೇಜು ಅಲ್ಲೇ ಇದೆ, ಲೈನ್ ಬಜಾರೂ ಇದೆ. 2023ರ ಜೂನ್‌ನಿಂದ ಬೆಂಗಳೂರಿನಿಂದ ವಂದೇ ಭಾರತ್ ಇದೆ, ಆದರೆ ಟಿಕೆಟ್ ಅಗ್ಗವಲ್ಲ. ಬೇರೆ ರೈಲುಗಳಲ್ಲಿ ಹಿರಿಯರಿಗಿದ್ದ ರಿಯಾಯಿತಿಯೂ 2020ರ ಮಾರ್ಚ್‌ನಲ್ಲೇ ನಿಂತುಹೋಯಿತು. ಪಿಂಚಣಿ ಇಲ್ಲದ ಗೆಳೆಯರಿದ್ದರೆ ಗ್ರೂಪಿನಲ್ಲಿ ಕೇಳಬೇಡಿ, ಇಬ್ಬರು ಮೂವರು ಸೇರಿ ಸದ್ದಿಲ್ಲದೆ ಟಿಕೆಟ್ ಮಾಡಿಸಿ ಕಳಿಸಿ.

ಇನ್ನೊಂದು ಮಾತು. ನಿಮ್ಮ ಗ್ರೂಪಿನಲ್ಲಿ ಹೆಣ್ಣುಮಕ್ಕಳು ಎಷ್ಟು ಜನ ಇದ್ದಾರೆ? ಮದುವೆಯಾಗಿ, ಅಡ್ಡಹೆಸರು ಬದಲಾಗಿ, ಸೊಲ್ಲಾಪುರಕ್ಕೋ ಪುಣೆಗೋ ಹೋದವರನ್ನು ಯಾರೂ ಹುಡುಕಿರುವುದಿಲ್ಲ. ತವರಿನ ಅಡ್ಡಹೆಸರು ಹಿಡಿದು, ಅಣ್ಣತಮ್ಮಂದಿರನ್ನು ಕೇಳಿ ಹುಡುಕಿ. ರಾಜ್ಯದೊಳಗೇ ಇರುವವರಿಗೆ ಸರ್ಕಾರಿ ಸಾಮಾನ್ಯ ಬಸ್ಸು ಈಗ ಉಚಿತ, ಬರಲು ಮನಸ್ಸಿದ್ದವರು ಬಂದಾರು.

ಇನ್ನು ಸಾವಿನ ಸುದ್ದಿಯ ವಿಷಯ. ಒಬ್ಬರು ಹೋದರು ಅಂದ ಕೂಡಲೇ 'ಓಂ ಶಾಂತಿ' ಸಾಲಾಗಿ ಬೀಳುತ್ತದೆ, ಮಧ್ಯಾಹ್ನಕ್ಕೆ ಮತ್ತೆ ಫಾರ್ವರ್ಡ್‌ಗಳು ಶುರು. ನನಗೆ ಇದು ತುಂಬಾ ನೋವಿನ ಸಂಗತಿ. ಅವರ ಮಕ್ಕಳಿಗೆ ಅಪ್ಪ ಅಂದರೆ ಬ್ಯಾಂಕಿಗೆ ಹೋಗಿಬರುತ್ತಿದ್ದ, ಬಿ.ಪಿ. ಮಾತ್ರೆ ನುಂಗುತ್ತಿದ್ದ ಮನುಷ್ಯ, ಅಷ್ಟೇ ಅಲ್ವಾ? ಇಪ್ಪತ್ತರ ಹುಡುಗನನ್ನು ಕಂಡವರು ನೀವು. ನಿಮ್ಮ ಕೊನೆಯ ವರ್ಷವಂತೂ 1975ರ ಜೂನ್‌ನಲ್ಲಿ ಬಂದ ತುರ್ತುಪರಿಸ್ಥಿತಿಯಲ್ಲೇ ಕಳೆಯಿತು. ಆಗ ಹಾಸ್ಟೆಲಿನಲ್ಲಿ ಯಾರು ದನಿ ತಗ್ಗಿಸಿ ಮಾತಾಡಿದರು, ಯಾರು ತಗ್ಗಿಸಲಿಲ್ಲ, ಮೆಸ್ ಬಿಲ್ ಕಟ್ಟಲಾಗದ ಗೆಳೆಯನ ದುಡ್ಡು ಯಾರು ಕಟ್ಟಿದರು, ಇದೆಲ್ಲ ಗೊತ್ತಿರುವುದು ನಿಮಗೆ ಮಾತ್ರ. ಅದನ್ನು ಹತ್ತು ಸಾಲು ಬರೆದು ಅವರ ಮನೆಗೆ ಕಳಿಸಿ. ಬರೆಯಲಾಗದವರು ಫೋನಿನಲ್ಲಿ ಮಾತಾಡಿ ರೆಕಾರ್ಡ್ ಮಾಡಲಿ.

ಬದುಕಿರುವವರ ಬಗ್ಗೆಯೂ ಬರೆಯಿರಿ. ಹಾಸಿಗೆ ಹಿಡಿದ ಗೆಳೆಯ ತನ್ನ ಬಗ್ಗೆ ಬರೆದದ್ದನ್ನು ತಾನೇ ಕೇಳಲಿ. ಧಾರವಾಡದಲ್ಲಿ ಸೇರಿದ ದಿನ ಊಟದ ಮುಂಚೆಯೇ ಇವನ್ನು ಓದಿ, ಬರಲಾಗದವರನ್ನು ವಿಡಿಯೋ ಕಾಲ್‌ನಲ್ಲಿ ಕೂರಿಸಿಕೊಳ್ಳಿ. ಮನೆಯವರು ಒಪ್ಪಿದರೆ ನಮಗೂ ಕಳಿಸಿ, ಪತ್ರಿಕೆಯಲ್ಲಿ ಜಾಗ ಕೊಡುತ್ತೇವೆ.

— ಸಂ.