ಸರ್ಕಾರ ಕಮ್ಮಿ, ಮಾರ್ಕೆಟ್ ಫ್ರೀ ಅನ್ನೋದು ಬರೀ ದುಡ್ಡಿದ್ದೋರ ವಾದನಾ?

ನಿಮ್ಮ ಪ್ರಶ್ನೆ: "ಸರ್ಕಾರ ಆದಷ್ಟು ಕಮ್ಮಿ ಇರ್ಬೇಕು, ಮಾರ್ಕೆಟ್ಟನ್ನ ಅದರ ಪಾಡಿಗೆ ಬಿಡ್ಬೇಕು ಅಂತಾರಲ್ಲ, ಇದು ದುಡ್ಡಿದ್ದೋರಿಗೆ ಮಾತ್ರ ಅನುಕೂಲ ಆಗೋ ವಾದ ಅಲ್ವಾ? ಇದರಿಂದ ಸಣ್ಣ ರೈತನಿಗೆ ಏನಾದ್ರೂ ಸಿಕ್ಕಿದ್ರೆ ಒಂದು ಉದಾಹರಣೆ ಕೊಡಿ."

ಥಿಯರಿ ವಿಷಯದಲ್ಲಿ ನಾನೂ ಅಷ್ಟಕ್ಕಷ್ಟೇ, ಬಿಕಾಂನಲ್ಲಿ ಓದಿದ್ದು ಅರ್ಧ ಮರ್ತೋಗಿದೆ. ಆದ್ರೆ ಉದಾಹರಣೆ ಕೇಳಿದೀರ, ಅದೂ ಸಣ್ಣ ರೈತಂದು, ಹಾಗಾಗಿ ನಮ್ಮನೇದೇ ಹೇಳ್ತೀನಿ. ಮೂಡಿಗೆರೆ ಕಡೆ ನಮ್ಮದು ಆರು ಎಕರೆ ಕಾಫಿ ತೋಟ. ಆರೇ ಎಕರೆ. ಕಾಫಿ ತೋಟ ಅಂದ ತಕ್ಷಣ ಬಂಗ್ಲೆ, ಜೀಪು, ಎರಡು ಅಲ್ಸೇಷಿಯನ್ ನಾಯಿ ಎಲ್ಲಾ ಕಣ್ಮುಂದೆ ತಂದ್ಕೋಬೇಡಿ, ನಮ್ಮಪ್ಪ ಸ್ಕೂಟರ್ ತಗೊಂಡಿದ್ದೇ ನಾನು ಹೈಸ್ಕೂಲಿಗೆ ಹೋದ್ಮೇಲೆ.

ಮಲೆನಾಡಿನ ತೋಟ ನೋಡಿದೋರಿಗೆ ಗೊತ್ತಿರುತ್ತೆ, ಕೆಳಗೆ ಕಾಫಿ ಗಿಡ, ಅದರ ಮೇಲೆ ನೆರಳಿಗೆ ಮರ, ಆ ಮರಕ್ಕೆ ಹಬ್ಬಿಸಿರೋ ಮೆಣಸಿನ ಬಳ್ಳಿ. ಒಂದೇ ಮಣ್ಣು, ಒಂದೇ ಮಳೆ, ಒಬ್ಬನೇ ಯಜಮಾನ. ಆದ್ರೆ ನಾನು ಚಿಕ್ಕವನಿದ್ದಾಗ, ಅಂದ್ರೆ 80ರ ದಶಕದಲ್ಲಿ, ಬಳ್ಳಿಗೆ ಒಂದು ದೇಶದ ಕಾನೂನು ಗಿಡಕ್ಕೆ ಇನ್ನೊಂದು ದೇಶದ ಕಾನೂನು ಇದ್ದಂಗಿತ್ತು. ನೀವು ಕೇಳ್ತಿರೋ ವಾದ ಪೂರ್ತಿ ಅಲ್ಲೇ ಇದೆ ನೋಡಿ.

ಮೆಣಸು ಕುಯ್ದು, ಕಾಲಲ್ಲಿ ತುಳ್ದು ಬಿಡಿಸಿ, ಕಣದಲ್ಲಿ ಒಣಗಿಸಿ ಮೂಟೆ ಕಟ್ಟಿಟ್ರೆ ಅದು ನಮ್ದು. ಫೀಸ್ ಕಟ್ಬೇಕು, ಯಾರದೋ ಮದುವೆ ಬಂತು ಅಂದ್ರೆ ಅಪ್ಪ ಅರ್ಧ ಮೂಟೆ ಬಸ್ಸಿನ ಟಾಪಿಗೆ ಹಾಕ್ಸಿ ಪೇಟೆಗೆ ಹೋಗೋರು, ಎರಡು ಮೂರು ಅಂಗಡೀಲಿ ರೇಟ್ ಕೇಳೋರು, ಸಂಜೆ ಬಸ್ಸಿಗೆ ಜೇಬಲ್ಲಿ ದುಡ್ಡು ಕೈಯಲ್ಲಿ ಖಾರದ ಪೊಟ್ಟಣ ಹಿಡ್ಕೊಂಡು ಬರೋರು. ರೇಟ್ ಬಿದ್ದೋಗಿದೆ ಅಂದ್ರೆ ಮೂಟೆ ಮತ್ತೆ ಅಟ್ಟಕ್ಕೆ. ಒಳ್ಳೆ ಮೆಣಸು ವರ್ಷಗಟ್ಲೆ ಕೆಡಲ್ಲ.

ಕಾಫಿ ಹಾಗಲ್ಲ. 1942ರ ಕಾಫಿ ಕಾಯ್ದೆ ಪ್ರಕಾರ ಬೆಳೆದ ಕಾಫಿ ಎಲ್ಲಾ ಕಾಫಿ ಬೋರ್ಡ್ ಅನ್ನೋ ಸರ್ಕಾರಿ ಸಂಸ್ಥೆಯ ಪೂಲ್‌ಗೆ, ಅಂದ್ರೆ ಎಲ್ಲರ ಕಾಫೀನೂ ಒಟ್ಟಿಗೆ ಸೇರಿಸೋ ರಾಶಿಗೆ, ಒಪ್ಪಿಸ್ಬೇಕಿತ್ತು, ಮನೆ ಖರ್ಚಿಗೆ ಮತ್ತೆ ಬೀಜಕ್ಕೆ ಅಂತ ಒಂಚೂರು ಇಟ್ಕೋಬಹುದಿತ್ತು ಅಷ್ಟೇ. ನಿಮ್ಮ ತೋಟದ ಕಾಫೀನ ನೀವೇ ಹೊರಗೆ ಮಾರಿದ್ರೆ ಅದು ಅಪರಾಧ. ಮೂಟೆಗಳು ಕ್ಯೂರಿಂಗ್ ವರ್ಕ್ಸ್‌ಗೆ, ಅಂದ್ರೆ ಒಣಗಿದ ಕಾಫಿಯ ಸಿಪ್ಪೆ ತೆಗೆದು ಹಸನು ಮಾಡೋ ಕಾರ್ಖಾನೆಗೆ ಹೋಗೋವು, ಅಲ್ಲಿ ಔಟ್‌ಟರ್ನ್ (ಮೂಟೆಗೆ ಎಷ್ಟು ಹಸನಾದ ಬೀಜ ಬಂತು ಅನ್ನೋದು) ನೋಡಿ, ಗ್ರೇಡ್ ಮಾಡಿ, ಗ್ರೇಡಿಗೆ ಇಷ್ಟು ಪಾಯಿಂಟ್ ಅಂತ ಲೆಕ್ಕ ಹಾಕೋರು, ಆಮೇಲೆ ನಮ್ಮದು ಪಕ್ಕದ ತೋಟದ್ದು ಕೊಡಗಿಂದು ಎಲ್ಲಾ ಸೇರಿ ಒಂದು ರಾಶಿ. ಅದನ್ನ ಬೋರ್ಡ್ ಹರಾಜಲ್ಲಿ ಮಾರೋದು. ದುಡ್ಡು ಕಂತಿನಲ್ಲಿ, ಮೊದಲು ಒಂದು ಅಡ್ವಾನ್ಸ್, ಆಮೇಲೆ ಮಾರಾಟ ಆದ ಹಾಗೆ ಪಾಯಿಂಟಿಗೆ ಇಷ್ಟು ಅಂತ ಘೋಷಣೆ ಆಗೋದು. ಒಂದು ವರ್ಷದ ಕಾಫಿಗೆ ಕೊನೆಗೂ ಎಷ್ಟು ಸಿಕ್ತು ಅಂತ ಗೊತ್ತಾಗೋ ಹೊತ್ತಿಗೆ ಗಿಡ ಇನ್ನೊಂದು ಸಲ ಹೂ ಬಿಟ್ಟಾಗಿರೋದು. ಅಪ್ಪಂದು ಒಂದು ಉದ್ದ ಬೈಂಡ್ ಪುಸ್ತಕ ಇತ್ತು, ಕುಯ್ಲು ಕೂಲಿ, ಗೊಬ್ಬರ, ಮೂಟೆ ಎಷ್ಟು ಎಲ್ಲಾ ಇಂಕ್ ಪೆನ್ನಲ್ಲಿ, ಕಾಫಿಯಿಂದ ಬಂದ ದುಡ್ಡು ಅನ್ನೋ ಕೊನೇ ಕಾಲಂ ಮಾತ್ರ ಪೆನ್ಸಿಲಲ್ಲಿ. ಯಾಕಪ್ಪ ಅಂದ್ರೆ "ಅದು ಇನ್ನೂ ಬದಲಾಗುತ್ತೆ ಕಣೋ" ಅನ್ನೋರು.

ಇಲ್ಲಿ ಯಾರೂ ವಿಲನ್ ಅಲ್ಲ ಅನ್ನೋದೂ ಹೇಳ್ಬೇಕು, ಇಲ್ಲಾಂದ್ರೆ ಕಥೆ ಸುಳ್ಳಾಗುತ್ತೆ. ಎರಡನೇ ಮಹಾಯುದ್ಧ ಶುರುವಾದಾಗ ಯುರೋಪಿಗೆ ಹಡಗು ಹೋಗೋದು ನಿಂತು ನಮ್ಮ ಕಾಫಿಗೆ ಕೇಳೋರೇ ಇಲ್ಲದಂಗಾಯ್ತು, ಬೆಳೆಗಾರರು ಮುಳುಗೋ ಸ್ಥಿತಿ, ಅದಕ್ಕೇ 1940ರಲ್ಲಿ ಮೊದಲು ಸುಗ್ರೀವಾಜ್ಞೆ, ಆಮೇಲೆ 42ರ ಕಾಯ್ದೆ. ಆ ಹೊತ್ತಿಗೆ ಅದು ಸರಿನೇ ಇತ್ತು ಅಂತ ನನಗನ್ಸುತ್ತೆ. ಯುದ್ಧ 45ಕ್ಕೆ ಮುಗೀತು. ಪೂಲಿಂಗ್ ಮುಗಿದಿದ್ದು 96ಕ್ಕೆ! ಹೊಳೆ ದಾಟಿದ ಮೇಲೆ ಅಂಬಿಗನ ಹಂಗ್ಯಾಕೆ ಅಂತಾರಲ್ಲ, ಇಲ್ಲಿ ಹೊಳೆ ದಾಟಿ ಐವತ್ತು ವರ್ಷ ಆದ್ರೂ ಅಂಬಿಗ ದೋಣಿಯಿಂದ ಇಳಿಸ್ಲೇ ಇಲ್ಲ. ಸೀಮಿತ ಸರ್ಕಾರ ಅನ್ನೋರ ಮೊದಲನೇ ಪಾಯಿಂಟೇ ಇದು, ಆಪತ್ಕಾಲಕ್ಕೆ ಅಂತ ಕೊಟ್ಟ ಅಧಿಕಾರ ಆಪತ್ತಿನ ಜೊತೆ ವಾಪಸ್ ಹೋಗಲ್ಲ, ಯಾಕಂದ್ರೆ ಅಷ್ಟರಲ್ಲಿ ಅದಕ್ಕೊಂದು ಆಫೀಸು, ಸಿಬ್ಬಂದಿ, ಅಭ್ಯಾಸ ಎಲ್ಲಾ ಹುಟ್ಕೊಂಡಿರುತ್ತೆ.

ಎರಡನೇದು ರೇಟಿನ ವಿಷಯ. ನನ್ನ ಪ್ರಕಾರ ಇದೇ ಮುಖ್ಯ, ಜನ ಇದನ್ನೇ ಮಿಸ್ ಮಾಡ್ಕೊಳ್ಳೋದು. ರೇಟ್ ಅಂದ್ರೆ ಬರೀ ದುಡ್ಡಲ್ಲ, ಅದು ಸುದ್ದಿ. 1994ರ ಜೂನ್-ಜುಲೈಲಿ ಬ್ರೆಜಿಲ್‌ನಲ್ಲಿ ಎರಡು ಸಲ ಹಿಮ ಬಿದ್ದು ಕಾಫಿ ಗಿಡ ಸುಟ್ಟೋಯ್ತು, ಪ್ರಪಂಚದ ಕಾಫಿ ರೇಟ್ ಧಡಕ್ಕಂತ ಏರ್ತು. ಮೂಡಿಗೆರೆ ರೈತನಿಗೆ ಬ್ರೆಜಿಲ್ ಎಲ್ಲಿದೆ ಅಂತ ಗೊತ್ತಿರ್ಬೇಕಾಗಿಲ್ಲ, ರೇಟ್ ಏರಿದ್ರೆ ಸಾಕು, ಈ ವರ್ಷ ಒಂದು ಸುತ್ತು ಗೊಬ್ಬರ ಜಾಸ್ತಿ ಹಾಕೋಣ, ಸತ್ತ ಗಿಡದ ಜಾಗಕ್ಕೆ ಹೊಸ ಸಸಿ ಇಡೋಣ ಅಂತ ಅವನೇ ತೀರ್ಮಾನ ಮಾಡ್ತಾನೆ. ಹಯೆಕ್ ಅನ್ನೋ ಅರ್ಥಶಾಸ್ತ್ರಜ್ಞ 1945ರಲ್ಲೇ ಇದನ್ನ ವಿವರಿಸಿದ್ದ, ಊರೂರಲ್ಲಿ ಚೆಲ್ಲಿರೋ ಸಣ್ಣ ಸಣ್ಣ ತಿಳುವಳಿಕೇನ ಯಾವ ಆಫೀಸೂ ಒಂದು ಕಡೆ ಗುಡ್ಡೆ ಹಾಕಕ್ಕೆ ಆಗಲ್ಲ, ಆ ಕೆಲಸ ರೇಟ್ ಮಾಡುತ್ತೆ ಅಂತ. ಪೂಲ್ ಇದ್ದಾಗ ಈ ಸುದ್ದಿ ನಮಗೆ ತಲುಪೋದು ಎರಡನೇ ಮಳೆಗಾಲಕ್ಕೆ, ಅದೂ ಎಲ್ಲರದ್ದೂ ಸೇರ್ಸಿ ಸರಾಸರಿ ಮಾಡಿ. ಒಳ್ಳೆ ಹಣ್ಣು ಮಾತ್ರ ಆರಿಸಿ ಕುಯ್ಸಿ, ಎಚ್ಚರಿಕೆಯಿಂದ ಪಲ್ಪ್ ಮಾಡಿ ಒಣಗಿಸಿದ್ರೂ ಗ್ರೇಡಿನ ಪಾಯಿಂಟ್ ಬಿಟ್ರೆ "ಇದು ಈ ತೋಟದ ಕಾಫಿ" ಅಂತ ಕುಡಿಯೋನಿಗೆ ಗೊತ್ತಾಗೋ ದಾರಿನೇ ಇರ್ಲಿಲ್ಲ.

ಹಂಗಾದ್ರೆ ಬದಲಾಗಿದ್ದು ಹೇಗೆ ಅಂದ್ರೆ, ಸರ್ಕಾರಕ್ಕೆ ಒಂದಿನ ಜ್ಞಾನೋದಯ ಆಗಿ ಅಲ್ಲ. ಯಾವ ದೇಶ ಎಷ್ಟು ಕಾಫಿ ರಫ್ತು ಮಾಡ್ಬಹುದು ಅಂತ ದೇಶಗಳ ಮಧ್ಯೆ ಇದ್ದ ಕೋಟಾ ಒಪ್ಪಂದ 1989ರಲ್ಲಿ ಮುರಿದುಬಿತ್ತು, ರೇಟ್ ಕುಸೀತು. 91ರಲ್ಲಿ ಸೋವಿಯತ್ ಒಕ್ಕೂಟನೇ ಹೋಯ್ತು, ನಮ್ಮ ಕಾಫೀನ ಡಾಲರ್ ಬದಲು ರೂಪಾಯಿ ಲೆಕ್ಕದಲ್ಲೇ ತಗೊಳ್ತಿದ್ದ ದೊಡ್ಡ ಗಿರಾಕಿ ಅದು. ಜೊತೆಗೆ ಬೆಳೆಗಾರರ ಒತ್ತಾಯ. ಕೊನೆಗೆ ಬೆಳೆದಿದ್ರಲ್ಲಿ 30 ಪರ್ಸೆಂಟ್ ದೇಶದೊಳಗೆ ನೀವೇ ಮಾರ್ಕೊಳಿ ಅಂದ್ರು, ಆಮೇಲೆ ಹಂತಹಂತವಾಗಿ ಜಾಸ್ತಿ ಮಾಡಿದ್ರು, ಸಣ್ಣ ಬೆಳೆಗಾರರಿಗೆ ಮೊದ್ಲು ಪೂರ್ತಿ ಬಿಟ್ರು, 1996ರ ಸೆಪ್ಟೆಂಬರಲ್ಲಿ ಎಲ್ಲರಿಗೂ. ಅದೇ ವರ್ಷ ಬ್ರಿಗೇಡ್ ರೋಡಲ್ಲಿ ಕೆಫೆ ಕಾಫಿ ಡೇ ಮೊದಲನೇ ಅಂಗಡಿ ತೆಗೀತು, ಅದನ್ನ ಶುರು ಮಾಡಿದ ಸಿದ್ಧಾರ್ಥ ಕೂಡ ಚಿಕ್ಕಮಗಳೂರಿನ ಕಾಫಿ ಬೆಳೆಗಾರರ ಮನೆಯೋರೇ. ಇವತ್ತು ಬೆಂಗ್ಳೂರಲ್ಲಿ ಎಸ್ಟೇಟ್ ಹೆಸರು ಹಾಕಿ ಮಾರೋ ಪುಡಿ ಪ್ಯಾಕೆಟ್ ನೋಡ್ತೀರಲ್ಲ, ಪೂಲ್ ಇದ್ದಿದ್ರೆ ಅದು ಆಗ್ತಿರ್ಲಿಲ್ಲ. ನಮ್ಮನೇಲಿ ಮೊದಲನೇ ಸಲ ಕಾಫಿ ಮಾರಿದ ದಿನ ಅಪ್ಪ ನೋಟಿನ ಕಟ್ಟು ಎರಡು ಸಲ ಎಣಿಸಿ ಮೂರನೇ ಸಲ ಅಮ್ಮನ ಕೈಲಿ ಎಣಿಸಿದ್ರು, ಕಾಫಿಗೆ ಮೆಣಸಿನ ಥರ ಅವತ್ತೇ ದುಡ್ಡು ಸಿಗುತ್ತೆ ಅನ್ನೋದೇ ಅವರಿಗೆ ನಂಬಕ್ಕಾಗ್ತಿರ್ಲಿಲ್ಲ.

ಇಲ್ಲಿಗೇ ನಿಲ್ಸಿದ್ರೆ ಚೆನ್ನಾಗಿತ್ತು, ಆದ್ರೆ ಆಮೇಲೆ ಏನಾಯ್ತು ಅನ್ನೋದೂ ಕೇಳಿ. ವಿಯೆಟ್ನಾಂ 90ರ ದಶಕದಲ್ಲಿ ಸಿಕ್ಕಾಪಟ್ಟೆ ರೊಬಸ್ಟಾ ಜಾತಿ ಕಾಫಿ ಹಾಕ್ತು, ಕೊಲಂಬಿಯಾನೂ ಹಿಂದೆ ಹಾಕಿ ಬ್ರೆಜಿಲ್ ನಂತರದ ಜಾಗಕ್ಕೆ ಬಂತು, 2000ದಿಂದ ಮೂರ್ನಾಲ್ಕು ವರ್ಷ ರೇಟ್ ಪಾತಾಳ ಕಂಡಿತು. ಒಳ್ಳೆ ರೇಟ್ ಇದ್ದಾಗ ಸಾಲ ಮಾಡಿ ತೋಟ ತಗೊಂಡೋರು, ಮನೆ ಕಟ್ಟಿಸ್ದೋರು ಕೈ ಸುಟ್ಕೊಂಡ್ರು. ನಮ್ಮನೇಲಿ ತೋಟದ ನೆರಳಿಗಿದ್ದ ಸಿಲ್ವರ್ ಓಕ್ ಮರ ಕಡಿಸಿ ಮಾರಿ ಆಳುಗಳ ಕೂಲಿ ಕೊಟ್ವಿ. ಆಗ "ಪೂಲ್ ಇದ್ದಿದ್ರೆ ಹಿಂಗಾಗ್ತಿತ್ತಾ" ಅಂತ ಟೀ ಅಂಗಡೀಲಿ ಕೂತು ಹೇಳೋರು ಬೇಕಾದಷ್ಟು ಜನ ಇದ್ರು. (ಹೌದು, ನಮ್ಮ ಕಾಫಿ ಊರಲ್ಲೂ ಟೀ ಅಂಗಡಿನೇ.) ನನ್ನ ಉತ್ತರ ಇಷ್ಟೇ, ಆಗ್ತಿತ್ತು. ನಮ್ಮ ಕಾಫೀಲಿ ಮುಕ್ಕಾಲು ಭಾಗದ ಹತ್ರ ಹೊರದೇಶಕ್ಕೆ ಹೋಗೋದು, ಅಲ್ಲಿ ಬಿದ್ದ ರೇಟನ್ನ ಬೆಂಗ್ಳೂರಿನ ಆಫೀಸ್ ಎತ್ತಿ ಹಿಡಿಯಕ್ಕೆ ಆಗಲ್ಲ, ತಡವಾಗಿ ತಿಳೀತಿತ್ತು ಅಷ್ಟೇ. ಆದ್ರೂ ಆ ವರ್ಷಗಳ ನೋವು ಸುಳ್ಳಲ್ಲ, ಫ್ರೀ ಮಾರ್ಕೆಟ್ ಅಂದ್ರೆ ಒಳ್ಳೆ ಸುದ್ದಿ ಮಾತ್ರ ಬರೋ ಪೋಸ್ಟ್ ಅಲ್ಲ.

ಸಿಲ್ವರ್ ಮರ ಅಂದೆ ನೋಡಿ, ಅದೂ ಒಂದು ಕಥೆ. ನಮ್ಮ ರಾಜ್ಯದಲ್ಲಿ ಮರ ಉಳಿಸಕ್ಕೆ ಅಂತ 1976ರ ಕಾಯ್ದೆ ಇದೆ, ಕಾಡುಮರ ಕಡೀಬೇಕಂದ್ರೆ ಅರಣ್ಯ ಇಲಾಖೆ ಪರ್ಮಿಷನ್ ಬೇಕು, ಸಿಲ್ವರ್ ಓಕಿಗೆ ಆ ಕಾಟ ಇಲ್ಲ. ಈಗ ನೀವೇ ರೈತ ಅಂದ್ಕೊಳಿ, ನಿಮ್ಮ ಜಾಗದಲ್ಲಿ ನೀವೇ ನೆಟ್ಟು ಮೂವತ್ತು ವರ್ಷ ಸಾಕಿ, ಕೊನೆಗೆ ಕಡಿಯಕ್ಕೆ ಅರ್ಜಿ ಹಿಡ್ಕೊಂಡು ಅಲೀಬೇಕಾದ ಮರ ನೆಡ್ತೀರೋ, ಇಲ್ಲಾ ಆಸ್ಟ್ರೇಲಿಯಾದಿಂದ ಬಂದ ಸಿಲ್ವರ್ ನೆಡ್ತೀರೋ? ಮಲೆನಾಡಿನ ತೋಟಗಳಲ್ಲಿ ಹಲಸು, ಬೀಟೆ, ನಂದಿ ಜಾಗಕ್ಕೆ ಸಾಲುಸಾಲು ಸಿಲ್ವರ್ ಬಂದಿದ್ದಕ್ಕೆ ಇದೂ ಒಂದು ಕಾರಣ. ಕಾಡುಮರ ಉಳಿಸೋ ಕಾನೂನು ಕಾಡುಮರ ನೆಡೋನನ್ನೇ ಇಲ್ಲದಂಗೆ ಮಾಡ್ತು.

ಇನ್ನು ದುಡ್ಡಿದ್ದೋರ ವಾದ ಅನ್ನೋ ಮಾತು. ಪೂಲ್ ಕಾಲದಲ್ಲಿ ಕಂತಿಗೆ ಕಾಯಕ್ಕೆ ಯಾರಿಗೆ ಆಗ್ತಿತ್ತು? ಬ್ಯಾಂಕಲ್ಲಿ ಸಾಲ ಸಿಗೋ ಮುನ್ನೂರು ಎಕರೆಯೋರಿಗೆ, ಆರು ಎಕರೆಯೋರಿಗಲ್ಲ. ಇಂಡಸ್ಟ್ರಿ ಕಡೆ ನೋಡಿದ್ರೂ ಅಷ್ಟೇ, 1944ರಲ್ಲಿ ಬಾಂಬೆ ಪ್ಲಾನ್ ಅಂತ ಬರೆದು ಸರ್ಕಾರ ಆರ್ಥಿಕತೇಲಿ ಕೈ ಹಾಕ್ಬೇಕು, ದೇಶಿ ಉದ್ಯಮಕ್ಕೆ ರಕ್ಷಣೆ ಬೇಕು ಅಂದೋರು ಟಾಟಾ ಬಿರ್ಲಾ ಥರದ ದೊಡ್ಡ ಉದ್ಯಮಿಗಳೇ. ಆಮೇಲೆ ಫ್ಯಾಕ್ಟರಿ ಹಾಕಕ್ಕೆ ಸರ್ಕಾರದ ಲೈಸೆನ್ಸ್ ಬೇಕು ಅನ್ನೋ ಪದ್ಧತಿ ಬಂದಾಗ ಅದನ್ನ ಹೆಚ್ಚು ಬಾಚ್ಕೊಂಡೋರು ಯಾರು ಅಂತ 60ರ ದಶಕದಲ್ಲಿ ಸರ್ಕಾರಕ್ಕಾಗಿಯೇ ಮಾಡಿದ ಹಜಾರಿ ವರದಿ ಹೇಳಿದೆ, ದೊಡ್ಡ ಮನೆತನಗಳು ಅರ್ಜಿ ಮೇಲೆ ಅರ್ಜಿ ಹಾಕಿ ಲೈಸೆನ್ಸ್ ಹಿಡಿದಿಟ್ಕೊಂಡು ಹೊಸಬರಿಗೆ ದಾರಿ ಮುಚ್ಚಿದ್ರು. ಡೆಲ್ಲೀಲಿ ಒಬ್ಬ ಆಫೀಸರ್ ಸಹಿಗೆ ಬೆಲೆ ಬಂದ್ರೆ ಆ ಸಹಿ ಹತ್ರ ಸುಲಭವಾಗಿ ಹೋಗೋನು ದುಡ್ಡಿದ್ದೋನೇ ತಾನೇ. ಇದನ್ನೆಲ್ಲ ಮೊದ್ಲೇ ಎಚ್ಚರಿಸಿದ ಒಬ್ಬರು ನಮ್ಮ ಕರಾವಳಿ ಕಡೆಯೋರೇ, ಬಿ.ಆರ್. ಶೆಣೈ ಅಂತ ಅರ್ಥಶಾಸ್ತ್ರಜ್ಞರು, 1955ರಲ್ಲಿ ಎರಡನೇ ಪಂಚವಾರ್ಷಿಕ ಯೋಜನೆಗೆ ಅರ್ಥಶಾಸ್ತ್ರಜ್ಞರ ಸಮಿತೀಲಿ ಎಲ್ಲರೂ ಹೂಂ ಅಂದಾಗ ಇವರೊಬ್ರೇ ಭಿನ್ನಾಭಿಪ್ರಾಯ ಬರೆದುಕೊಟ್ಟೋರು. ಕರ್ನಾಟಕದಲ್ಲಿ ಅವರ ಹೆಸರು ಕೇಳಿದೋರೇ ಕಮ್ಮಿ, ಬೇಜಾರಾಗುತ್ತೆ.

ಹಂಗಂತ ಸರ್ಕಾರನೇ ಬೇಡ ಅಂತ ನಾನು ಹೇಳಲ್ಲ. ನಮ್ಮ ತೋಟದ ಅರೇಬಿಕಾ ಜಾತಿ ಕಾಫಿ ಬಹುಪಾಲು 795 ತಳಿ, ಅದು ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದಲ್ಲಿ ಹುಟ್ಟಿದ್ದು, ಅದಕ್ಕೆ ನಾವು ಋಣಿ. ಹೊಸ ತಳಿಗೆ ಹತ್ತಾರು ವರ್ಷ ಕಾಯೋ ತಾಳ್ಮೆ ಖಾಸಗಿಯವರಿಗೆ ಕಮ್ಮಿ. ರಸ್ತೆ, ಕೋರ್ಟು, ಪೊಲೀಸ್ ಹೇಗೂ ಬೇಕು. ಎರಡು ಸಾವಿರದ ಹತ್ತು ಹನ್ನೊಂದರ ಹೊತ್ತಿಗೆ ಒಬ್ಬ ವ್ಯಾಪಾರಿ ನಮಗೆ ಮೆಣಸಿನ ತೂಕದಲ್ಲಿ ಮೋಸ ಮಾಡ್ದ, ಮನೇಲಿ ತೂಗಿದ್ದಕ್ಕೂ ಅಲ್ಲಿ ತೂಗಿದ್ದಕ್ಕೂ ಮೂಟೆಗೆ ಎರಡು ಕೆಜಿ ವ್ಯತ್ಯಾಸ. ತಕ್ಕಡಿಗೆ ಮುದ್ರೆ ಹಾಕೋ ಇಲಾಖೆ ಇರೋದೇ ಇದಕ್ಕೆ, ದೂರು ಕೊಟ್ವಿ, ಎರಡು ಸಲ ಓಡಾಡಿ ಸುಸ್ತಾಗಿ ಬಿಟ್ವಿ. ಯಾರು ಯಾರಿಗೆ ಯಾವ ರೇಟಿಗೆ ಮಾರ್ಬೇಕು ಅಂತ ಹೇಳಕ್ಕೆ ಐವತ್ತು ವರ್ಷ ಪುರುಸೊತ್ತಿದ್ದ ಸರ್ಕಾರಕ್ಕೆ ತಕ್ಕಡಿ ನೋಡಕ್ಕೆ ಜನ ಇಲ್ಲ, ನನ್ನ ತಕರಾರು ಅದು.

ಆ ವ್ಯಾಪಾರಿ ಹತ್ರ ನಾವು ಮತ್ತೆ ಹೋಗ್ಲಿಲ್ಲ. ಅಕ್ಕಪಕ್ಕದ ನಾಲ್ಕು ಮನೆಯೋರೂ ಬಿಟ್ರು. ಈಗ ಬೇರೆ ಒಬ್ಬರು ಬರ್ತಾರೆ, ಅಪ್ಪ ಬೆಳಿಗ್ಗೆನೇ ಮೊಬೈಲಲ್ಲಿ ಅವತ್ತಿನ ರೇಟ್ ನೋಡಿಟ್ಕೊಂಡಿರ್ತಾರೆ, ಚೌಕಾಸಿ ಅರ್ಧ ಗಂಟೆ ನಡೆಯುತ್ತೆ, ಆಮೇಲೆ ಅವರ ಗಾಡಿ ನಮ್ಮ ಕಣಕ್ಕೇ ಬಂದು ನಮ್ಮ ತಕ್ಕಡೀಲೇ ತೂಗಿ ತಗೊಂಡು ಹೋಗುತ್ತೆ.