ರೇಸ್ ಬಿಟ್ಟು ಬಂದ ಥರೋಬ್ರೆಡ್ ಎಂಡ್ಯೂರೆನ್ಸ್‌ಗೆ ಆಗುತ್ತಾ?

ರೇಸ್ ಬಿಡಿಸಿದ ಏಳು ವರ್ಷದ ಥರೋಬ್ರೆಡ್ (ರೇಸ್‌ಗೆಂದೇ ಬೆಳೆಸಿದ ತಳಿಯ ಕುದುರೆ) ನಿಮ್ಮ ಹತ್ತಿರ ಇದೆ, ಎಂಡ್ಯೂರೆನ್ಸ್‌ಗೆ, ಅಂದರೆ ಕುದುರೆ ಮೇಲೆ ಬಹುದೂರ ಸಾಗುವ ಸ್ಪರ್ಧೆಗೆ, ಅರಬ್ಬಿ ಕುದುರೆಯೇ ಬೇಕು ಅಂತ ಎಲ್ಲರೂ ಹೇಳ್ತಾರೆ, ಇದನ್ನು ಇಳಿಸಬಹುದಾ ಅಂತ ಕೇಳಿದ್ದೀರಿ. ಖಂಡಿತ ಇಳಿಸಬಹುದು. ನನ್ನದೂ ಅಂಥದೇ ಒಂದು ಹೆಣ್ಣು ಕುದುರೆ.

160 ಕಿ.ಮೀ. ಸ್ಪರ್ಧೆಗಳಲ್ಲಿ ಹೆಚ್ಚಾಗಿ ಗೆಲ್ಲುವುದು ಅರಬ್ಬಿಗಳೇ, ಅದು ನಿಜ. ಅವುಗಳದು ಸಣ್ಣ ಮೈ, ಬೇಗ ತಣ್ಣಗಾಗುತ್ತದೆ. ಥರೋಬ್ರೆಡ್ ಮೈ ದೊಡ್ಡದು, ಅದರ ಮಾಂಸಖಂಡ ಜೋರು ಓಟಕ್ಕೆ ಹದವಾದದ್ದು. ಆದರೆ ನನಗೆ ಕಷ್ಟವಾಗಿದ್ದು ಇದ್ಯಾವುದೂ ಅಲ್ಲ.

ನಮ್ಮ ಮೊದಲ ಸ್ಪರ್ಧೆ 40 ಕಿ.ಮೀ. ವೆಟ್ ಗೇಟ್‌ನಲ್ಲಿ, ಅಂದರೆ ಪಶುವೈದ್ಯರು ಕುದುರೆಯನ್ನು ತಪಾಸಣೆ ಮಾಡುವ ಜಾಗದಲ್ಲಿ, 15 ನಿಮಿಷದೊಳಗೆ ಎದೆಬಡಿತ ನಿಮಿಷಕ್ಕೆ 64ಕ್ಕೆ ಇಳಿಯಬೇಕಿತ್ತು. ಇಳಿಯಲೇ ಇಲ್ಲ. ಅವಳಿಗೆ ದಣಿವಾಗಿರಲಿಲ್ಲ. ಪಕ್ಕದಲ್ಲಿ ಬೇರೆ ಕುದುರೆಗಳು ಹೊರಟಿದ್ದನ್ನು ನೋಡಿ ನಿಂತಲ್ಲೇ ಕುಣಿಯುತ್ತಿದ್ದಳು. ಅಲ್ಲಿಗೇ ನಮ್ಮ ಆಟ ಮುಗಿಯಿತು. ಮನೆಗೆ ಬರುವಾಗ ನನಗೆ ಅಳು ಬಂತು. ಓಡೋದು ಅವಳಿಗೆ ಗೊತ್ತಿತ್ತು. ಮುಂದೆ ಹೋಗುವ ಕುದುರೆಯನ್ನು ಸುಮ್ನೆ ಬಿಟ್ಟುಕೊಡೋದನ್ನು ಯಾರೂ ಕಲಿಸಿರಲಿಲ್ಲ.

ರೇಸ್ ಕುದುರೆ ಲಗಾಮಿನ ಮೇಲೆ ಭಾರ ಹಾಕಿಯೇ ಓಡುವುದನ್ನು ಕಲಿತಿರುತ್ತದೆ. ತಡೆಯಲು ನೀವು ಎಳೆದಷ್ಟೂ ಅದು ಇನ್ನೂ ಜೋರಾಗುತ್ತದೆ. ಹಾಗಾಗಿ ಎಳೆದು ಹಿಡಿಯಬೇಡಿ. ದೊಡ್ಡ ಸುತ್ತು ಹಾಕಿಸಿ, ನಿಮ್ಮ ಉಸಿರು ನಿಧಾನ ಮಾಡಿ, ಅದು ಸ್ವಲ್ಪ ತಗ್ಗಿದ ಕೂಡಲೇ ಲಗಾಮು ಸಡಿಲಿಸಿ. ಗೆಳೆಯರ ಕುದುರೆಗಳು ನಮ್ಮನ್ನು ದಾಟಿ ಹೋಗುತ್ತಿರಲಿ, ನಮ್ಮದು ನಡಿಗೆಯಲ್ಲೇ ಇರಲಿ ಅಂತ ಎಂಟು ತಿಂಗಳು ಇದನ್ನೇ ಮಾಡಿದೆವು. ಕಳೆದ ಸಲ 80 ಕಿ.ಮೀ.ನ ಕೊನೆಯ ಗೇಟ್‌ನಲ್ಲಿ ಅವಳು ತಲೆ ತಗ್ಗಿಸಿ ಹುಲ್ಲು ತಿನ್ನುತ್ತಿದ್ದಳು, ಎದೆಬಡಿತ 56!

ಇನ್ನೊಂದು ವಿಷಯದಲ್ಲಿ ತುಂಬಾ ಜನ ಮೋಸ ಹೋಗ್ತಾರೆ. ಎದೆ, ಶ್ವಾಸಕೋಶ ಕೆಲವೇ ತಿಂಗಳಲ್ಲಿ ಗಟ್ಟಿಯಾಗುತ್ತವೆ. ಕಾಲಿನ ಟೆಂಡನ್‌ಗೆ (ಮಾಂಸಖಂಡವನ್ನು ಮೂಳೆಗೆ ಕಟ್ಟುವ ನಾರಿಗೆ), ಮೂಳೆಗೆ ಅದಕ್ಕಿಂತ ಎಷ್ಟೋ ಜಾಸ್ತಿ ಸಮಯ ಬೇಕು. ಕುದುರೆ ಏದುಸಿರೇ ಬಿಡದೆ ಓಡ್ತಿದೆ ಅಂತ ನಮಗೆ ಖುಷಿ. ಕಾಲು ಮಾತ್ರ ಇನ್ನೂ ತಯಾರಾಗಿರುವುದಿಲ್ಲ. ಮೊದಲ ವರ್ಷ ನಡಿಗೆ, ನಿಧಾನದ ಟ್ರಾಟ್ (ನಡಿಗೆಗಿಂತ ಸ್ವಲ್ಪ ಜೋರಿನ ಓಟ) ಅಷ್ಟೇ ಸಾಕು. ಈ ತಳಿಯಲ್ಲಿ ತುಂಬಾ ಕುದುರೆಗಳ ಗೊರಸಿನ ಅಡಿ ತೆಳ್ಳಗಿರುತ್ತದೆ, ಕಲ್ಲು ನೆಲಕ್ಕೆ ಮೊದಲೇ ಲಾಳದವರ ಹತ್ತಿರ ಮಾತಾಡಿ.

ರೇಸಿನ ಕಾಲದ ಕಾಳು ಕಡಿಮೆ ಮಾಡುತ್ತಾ ಒಣಹುಲ್ಲು ಹೆಚ್ಚಿಸಿ. ಹುಲ್ಲಿನ ನಾರು ಕರುಳಲ್ಲಿ ನೀರು ಹಿಡಿದಿಡುತ್ತದೆ, ದೂರದ ದಾರಿಯಲ್ಲಿ ಆ ನೀರೇ ಆಸರೆ. ಕುದುರೆಯ ಬೆವರಲ್ಲಿ ಉಪ್ಪು ತುಂಬಾ ಹೋಗುತ್ತದೆ. ಅದಕ್ಕೇ ಮೈಯಲ್ಲಿ ನೀರು ಕಮ್ಮಿಯಾದರೂ ಅದಕ್ಕೆ ಬಾಯಾರಿಕೆ ಗೊತ್ತಾಗದೆ ಇರಬಹುದು. ದಾರಿಯಲ್ಲಿ ನೀರು ಸಿಕ್ಕಲ್ಲೆಲ್ಲ ನಿಂತು ಕುಡಿಯುವ ಅಭ್ಯಾಸ ಈಗಿನಿಂದಲೇ ಮಾಡಿಸಿ.

ನಿಮ್ಮ ಕುದುರೆಗೆ ರೇಸ್ ಯಾಕೆ ಬಿಡಿಸಿದರು ಅಂತ ನೀವು ಬರೆದಿಲ್ಲ. ಕಾಲಿನ ಹಳೆ ಪೆಟ್ಟು ಕಾರಣವಾಗಿದ್ದರೆ ತಡಿ ಹಾಕುವ ಮೊದಲು ಟೆಂಡನ್ ಸ್ಕ್ಯಾನ್ ಮಾಡಿಸಿ. ಹೊಟ್ಟೆಯಲ್ಲಿ ಹುಣ್ಣು ಇದೆಯಾ ಅಂತಲೂ ನೋಡಿಸಿ, ರೇಸ್ ಕುದುರೆಗಳಲ್ಲಿ ಅದು ತುಂಬಾ ಸಾಮಾನ್ಯ.